ವಿಮಾನವಿರೋಧಿ ತೋಪು ಮತ್ತು ಅದರ ಹಿಂದಿನ ಗಣಿತ

ನಮ್ಮ ಶಾಲೆಯ ಮೇಲ್ತರಗತಿಗಳ ಬಾಲಿಕೆಯರು ಕಾರವಾರಕ್ಕೆ ಪ್ರವಾಸ ಹೋದಾಗ, ಅಲ್ಲಿಯ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಪ್ರದರ್ಶನಕ್ಕಾಗಿ ನಿಲ್ಲಿಸಿರುವ ‘ಚಪಲ’ ಎಂಬ ಯುದ್ಧನೌಕೆಯನ್ನು ನೋಡಿ ಬರುವುದು ರೂಢಿಯಾಗಿದೆ. ಹಿಂದಿರುಗಿದ ಮೇಲೆ ಅವರು ಕೇಳುವ ಪ್ರಶ್ನೆಗಳು ಹಲವು. ಅವುಗಳಲ್ಲಿ ಹೆಚ್ಚಿನವು ನೌಕೆಯ ಮುಂದುಗಡೆಯಲ್ಲಿಯೂ ಹಿಂದುಗಡೆಯಲ್ಲಿಯೂ ಇರುವ ಜೋಡಿನಳಿಗೆಯ ತೋಪುಗಳಿಗೆ ಸಂಬಂಧಪಟ್ಟವು. ಅವು ಇಷ್ಟು ಸಣ್ಣವೇಕೆ? ಅವುಗಳ ಬಳಿ ಸಿಪಾಯಿ ಕುಳಿತುಕೊಳ್ಳುವ ಪೀಠವೇಕಿಲ್ಲ? ಹಾರುವ ವಿಮಾನಕ್ಕೆ ಅವು ಗುರಿಯಿಡುವುದಾದರೂ ಹೇಗೆ? ಭಟ್ಕಳ, ಹೊನ್ನಾವರ, ಕುಮಟೆಗಳ ಮಕ್ಕಳಿಗೆ ಈ ಪ್ರಶ್ನೆಗಳು ಪರದೇಶದ ಮಾತಲ್ಲ. ೨೦೦೫ನೆಯ ಇಸವಿಯ ಮೇ ತಿಂಗಳಲ್ಲಿ ಕಾರವಾರದ ಬಳಿ ‘ಕದಂಬ’ ನೌಕಾನೆಲೆಯು ಕಾರ್ಯಾರಂಭ ಮಾಡಿದಂದಿನಿಂದ ನಮ್ಮ ಜಿಲ್ಲೆಯ ಸಮುದ್ರವು ದೇಶದ ರಕ್ಷಣೆಯ ಬಾಗಿಲುಗಳಲ್ಲಿ ಒಂದಾಗಿದೆ.

ಹೆಣ್ಣುಮಕ್ಕಳ ಶಾಲೆಯ ಸ್ಮರಣಸಂಚಿಕೆಯಲ್ಲಿ ತೋಪಿನ ವಿಷಯವೇಕೆಂದು ಪಾಲಕರಲ್ಲಿ ಕೆಲವರು ಕೇಳಬಹುದು. ಆ ಪ್ರಶ್ನೆ ಯೋಗ್ಯವಾದುದೇ. ಯುದ್ಧದಲ್ಲಿ ಮಕ್ಕಳಿಗೆ ಆಸಕ್ತಿ ಹುಟ್ಟಿಸುವುದು ನಮ್ಮ ಉದ್ದೇಶವಲ್ಲ. ಈ ಯಂತ್ರದ ಚರಿತ್ರೆಯನ್ನು ಮೊದಲಿನಿಂದ ಓದಿದವರಿಗೆ ಒಂದು ಸಂಗತಿ ಸ್ಪಷ್ಟವಾಗುವುದು: ಇದರ ಶಕ್ತಿಯು ಉಕ್ಕು ಮತ್ತು ಮದ್ದುಗಳಲ್ಲಿರುವುದಕ್ಕಿಂತ ಹೆಚ್ಚಾಗಿ ಲೆಕ್ಕದಲ್ಲಿದೆ, ಆ ಲೆಕ್ಕವನ್ನು ಅತ್ಯಂತ ಕಠಿಣವಾದ ಕಾಲದಲ್ಲಿ ಮಾಡಿದವರಲ್ಲಿ ಹದಿನೆಂಟು ಇಪ್ಪತ್ತು ವರುಷದ ಹುಡುಗಿಯರು ಸಾವಿರಗಟ್ಟಲೆ ಇದ್ದರು. ಇದನ್ನು ನಮ್ಮ ಪೂರ್ವವಿದ್ಯಾರ್ಥಿನಿಯರೂ ಪಾಲಕರೂ ತಿಳಿದಿರತಕ್ಕದ್ದೆಂದು ಎಣಿಸಿ ಈ ಲೇಖನವನ್ನು ಬರೆದಿರುತ್ತೇವೆ.

ಮೊದಲು ಕಷ್ಟವೆಲ್ಲಿದೆ ಎಂಬುದನ್ನು ನೋಡೋಣ. ಮಳೆಗಾಲದಲ್ಲಿ ಶರಾವತಿಯನ್ನು ದಾಟಿಸುವ ದೋಣಿಯವನು ಎದುರು ದಡದ ಧಕ್ಕೆಗೆ ನೇರವಾಗಿ ದೋಣಿಯ ಮೂತಿಯನ್ನು ತಿರುಗಿಸುವುದಿಲ್ಲ. ಹಾಗೆ ಮಾಡಿದರೆ ಸೆಳವು ಅವನನ್ನು ಬಹಳ ಕೆಳಗೆ ಒಯ್ಯುವುದು. ಅವನು ಧಕ್ಕೆಗಿಂತ ಮೇಲಕ್ಕೆ ಮುಖಮಾಡಿ ಹುಟ್ಟು ಹಾಕುವನು. ದೋಣಿ ಧಕ್ಕೆಗೇ ಬಂದು ಸೇರುವುದು. ಎಷ್ಟು ಮೇಲಕ್ಕೆಂಬುದನ್ನು ಅವನು ನೀರಿನ ವೇಗ, ಹೊಳೆಯ ಅಗಲ, ತನ್ನ ತೋಳಿನ ಬಲ ಈ ಮೂರನ್ನೂ ನೋಡಿ ನಿಶ್ಚಯಿಸುವನು. ವಿಮಾನಕ್ಕೆ ಗುರಿಯಿಡುವವನ ಕೆಲಸವೂ ಇದೇ. ವಿಮಾನ ಈಗ ಎಲ್ಲಿದೆಯೋ ಅಲ್ಲಿಗೆ ಹೊಡೆದರೆ ಗುಂಡು ತಲುಪುವಷ್ಟರಲ್ಲಿ ಅದು ಅಲ್ಲಿರದು. ಅದು ಎಲ್ಲಿರಲಿದೆಯೋ ಅಲ್ಲಿಗೆ ಹೊಡೆಯಬೇಕು.

ಅಂಕೆಗಳಲ್ಲಿ ಹೇಳುವುದಾದರೆ: ಗಂಟೆಗೆ ೩೬೦ ಕಿಲೋಮೀಟರು ವೇಗದ ವಿಮಾನವು ಸೆಕೆಂಡಿಗೆ ೧೦೦ ಮೀಟರು ಸಾಗುವುದು. ಎರಡನೆಯ ಮಹಾಯುದ್ಧದ ಕಾಲದ ಒಳ್ಳೆಯ ತೋಪಿನ ಗುಂಡು ನಳಿಗೆಯಿಂದ ಹೊರಡುವಾಗ ಸೆಕೆಂಡಿಗೆ ಸುಮಾರು ೮೫೦ ಮೀಟರು ವೇಗದಲ್ಲಿರುವುದು. ಗಾಳಿಯ ತಡೆಯಿಂದ ಆ ವೇಗ ಕುಗ್ಗುತ್ತ ಹೋಗುವುದರಿಂದ ೨ ಕಿಲೋಮೀಟರು ದೂರಕ್ಕೆ ಸುಮಾರು ೩ ಸೆಕೆಂಡು ಬೇಕು. ಹೊನ್ನಾವರದಲ್ಲಿ ಶರಾವತಿಯ ಮೇಲೆ ಕಟ್ಟಿರುವ ಕೊಂಕಣ ರೈಲ್ವೆಯ ಸೇತುವೆಯು ೨ ಕಿಲೋಮೀಟರಿಗಿಂತ ತುಸು ಹೆಚ್ಚು ಉದ್ದವಾಗಿದೆ. ಆ ಸೇತುವೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಗುಂಡು ಹೋಗುವ ಹೊತ್ತು ಇದೆಂದು ತಿಳಿಯಬಹುದು. ಆ ಮೂರು ಸೆಕೆಂಡುಗಳಲ್ಲಿ ವಿಮಾನ ೩೦೦ ಮೀಟರು ಮುಂದಕ್ಕೆ ಹೋಗಿರುವುದು. ಅಷ್ಟು ಮುಂದಕ್ಕೆ, ಮತ್ತು ಗುಂಡು ಭೂಮಿಯ ಸೆಳೆತದಿಂದ ಕೆಳಗಿಳಿಯುವಷ್ಟು ಮೇಲಕ್ಕೆ, ನಳಿಗೆಯನ್ನು ತಿರುಗಿಸಬೇಕು. ವಿಮಾನದ ದೂರ, ಎತ್ತರ, ದಿಕ್ಕು ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಈ ಲೆಕ್ಕವನ್ನು ಪ್ರತಿ ಕ್ಷಣವೂ ಹೊಸದಾಗಿ ಮಾಡಬೇಕಾಗುವುದು.

ಲೆಕ್ಕ ಎಷ್ಟೇ ಸರಿಯಾಗಿದ್ದರೂ ಒಂದೇ ಗುಂಡನ್ನು ನಂಬುವಂತಿಲ್ಲ. ಚಾಲಕನು ವಿಮಾನವನ್ನು ತುಸು ಓರೆಮಾಡಿದರೂ ಗುರಿ ತಪ್ಪುವುದು. ಆದಕಾರಣ ಬಹಳ ಗುಂಡುಗಳು ಒಂದರ ಹಿಂದೊಂದು ಬೇಗ ಹೊರಡಬೇಕು. ಹೀಗೆ ತಾನಾಗಿಯೇ ತುಂಬಿಕೊಂಡು ತಾನಾಗಿಯೇ ಹಾರಿಸುವ, ಸಿಡಿಯುವ ಗುಂಡಿನ ತೋಪನ್ನು ಸ್ವಯಂಚಾಲಿತ ತೋಪೆನ್ನುವರು.

ಆಕಾಶಕ್ಕೆ ಗುರಿಯಿಡುವ ತೋಪು ವಿಮಾನಕ್ಕಿಂತ ಹಳೆಯದು. ೧೮೭೦ರಲ್ಲಿ ಜರ್ಮನರು ಪ್ಯಾರಿಸ್ ನಗರವನ್ನು ಮುತ್ತಿದಾಗ ಅಲ್ಲಿಂದ ಪಾರಾಗುತ್ತಿದ್ದ ಬಲೂನುಗಳನ್ನು ಹೊಡೆಯಲು ಕ್ರುಪ್ ಕಾರ್ಖಾನೆಯವರು ಗಾಡಿಯ ಮೇಲೆ ಕೂರಿಸಿದ ಸಣ್ಣ ತೋಪನ್ನು ಮಾಡಿದರು. ೧೮೮೪ರ ಸುಮಾರಿಗೆ ಹೈರಾಮ್ ಮ್ಯಾಕ್ಸಿಮ್ ಎಂಬವನು ಒಂದು ಮಹತ್ವದ ಉಪಾಯವನ್ನು ಕಂಡುಹಿಡಿದನು. ಬಂದೂಕು ಹಾರಿದಾಗ ಅದು ಹಿಂದಕ್ಕೆ ಒದೆಯುವುದು ಎಲ್ಲರಿಗೂ ತಿಳಿದ ಸಂಗತಿ. ವ್ಯರ್ಥವಾಗಿ ಹೋಗುತ್ತಿದ್ದ ಆ ಒದೆತವನ್ನೇ ಮುಂದಿನ ತೋಟಾ ತುಂಬುವ ಕೆಲಸಕ್ಕೆ ಅವನು ಹಚ್ಚಿದನು. ಇದೇ ತತ್ತ್ವದ ಮೇಲೆ ೩೭ ಮಿಲಿಮೀಟರಿನ ದೊಡ್ಡ ತೋಪುಗಳೂ ಆದವು. ದಕ್ಷಿಣ ಆಫ್ರಿಕೆಯ ಬೋಯರ್ ಯುದ್ಧದಲ್ಲಿ ಅವುಗಳ ಸದ್ದನ್ನು ಕೇಳಿದ ಸಿಪಾಯಿಗಳು ‘ಪಾಮ್-ಪಾಮ್’ ಎಂದು ಹೆಸರಿಟ್ಟರು. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಯು ಇದೇ ವಂಶದ ೪೦ ಮಿಲಿಮೀಟರಿನ ತೋಪನ್ನು ವಿಮಾನಗಳ ಮೇಲೆ ಬಳಸಿತು. ಆದರೆ ಅದು ಮೇಲಿಂದ ಮೇಲೆ ಸಿಕ್ಕಿಕೊಳ್ಳುತ್ತಿತ್ತು.

ಈ ದೋಷವನ್ನು ನೀಗಿಸಿದ ಕೀರ್ತಿಯು ಸ್ವೀಡನ್ ದೇಶದ ಬೋಫೋರ್ಸ್ ಎಂಬ ಕಾರ್ಖಾನೆಗೆ ಸಲ್ಲತಕ್ಕದ್ದು. ಇದು ಹಿಂದೆ ಆಲ್ಫ್ರೆಡ್ ನೊಬೆಲ್‌ನ ಒಡೆತನದಲ್ಲಿದ್ದ ಕಾರ್ಖಾನೆ. ೧೮೯೪ರಲ್ಲಿ ಅವನು ಅದನ್ನು ಕೊಂಡುಕೊಂಡಿದ್ದನು. ಶಾಂತಿಯ ಬಹುಮಾನವನ್ನೂ ತೋಪಿನ ಕಾರ್ಖಾನೆಯನ್ನೂ ಒಬ್ಬನೇ ಮನುಷ್ಯನು ಬಿಟ್ಟುಹೋದುದು ಚರಿತ್ರೆಯಲ್ಲಿಯ ವಿಚಿತ್ರಗಳಲ್ಲೊಂದು. ೧೯೨೮ರಲ್ಲಿ ಸ್ವೀಡನ್ನಿನ ನೌಕಾಪಡೆಯವರು ೪೦ ಮಿಲಿಮೀಟರಿನ ಹೊಸ ತೋಪೊಂದನ್ನು ನಿರ್ಮಿಸುವಂತೆ ಬೋಫೋರ್ಸಿಗೆ ಹೇಳಿದರು. ವಿಕ್ಟರ್ ಹಮ್ಮರ್ ಎಂಬ ಇಂಜಿನಿಯರನು ಆರಂಭಿಸಿದ ಕೆಲಸವನ್ನು ಎಮಾನುಯೆಲ್ ಯಾನ್ಸನ್ ಎಂಬವನು ಮುಂದುವರಿಸಿದನು. ಹಲವು ಸಲ ಸೋತು, ಕೆಡವಿ ಕಟ್ಟಿ, ೧೯೩೨ರ ಸುಮಾರಿಗೆ ನಂಬಿಗಸ್ತ ತೋಪು ಸಿದ್ಧವಾಯಿತು. ಮೊದಲು ಕೊಂಡುಕೊಂಡವರಲ್ಲಿ ಹಾಲೆಂಡಿನ ನೌಕಾಪಡೆ ಒಂದು. ಮುಂದೆ ಪೋಲೆಂಡ್, ಹಂಗೇರಿ, ಬ್ರಿಟನ್ ಮುಂತಾದ ದೇಶಗಳೂ ಅದನ್ನು ಕೊಂಡವು, ಇಲ್ಲವೆ ಪರವಾನಗಿ ಪಡೆದು ತಾವೇ ಮಾಡಿಕೊಂಡವು.

ಅದರ ಒಳಗಿನ ಕೆಲಸವನ್ನು ತಿಳಿಯಲು ಹೊಲಿಗೆಯ ಯಂತ್ರವನ್ನು ನೆನೆದರೆ ಸಾಕು. ಅಲ್ಲಿ ಚಕ್ರದ ಒಂದು ಸುತ್ತಿನಿಂದ ಸೂಜಿ ಇಳಿಯುವುದು, ನೂಲು ಕುಣಿಕೆಯಾಗುವುದು, ಬಟ್ಟೆ ಮುಂದೆ ಸರಿಯುವುದು. ಒಂದೊಂದು ಕೆಲಸವೂ ಹಿಂದಿನದು ಮುಗಿದ ಬಳಿಕವೇ ನಡೆಯುವುದು. ಬೋಫೋರ್ಸ್ ತೋಪಿನಲ್ಲಿ ಗುಂಡು ಹಾರಿದೊಡನೆ ನಳಿಗೆಯು ಹಿಂದಕ್ಕೆ ಸರಿಯುವುದು. ಆ ಸರಿತದಿಂದ ಹಿಂಬದಿಯ ಉಕ್ಕಿನ ಕದವು ಕೆಳಗೆ ಜಾರುವುದು, ಬರಿದಾದ ಹಿತ್ತಾಳೆಯ ಕೋಶವು ಹೊರಕ್ಕೆ ಚಿಮ್ಮುವುದು. ದಪ್ಪನಾದ ಸುರುಳಿಯು ನಳಿಗೆಯನ್ನು ಮತ್ತೆ ಮುಂದಕ್ಕೆ ತಳ್ಳುವುದು, ಹೊಸ ತೋಟಾ ಒಳಕ್ಕೆ ನುಗ್ಗುವುದು, ಕದವು ಮೇಲೆದ್ದು ಮುಚ್ಚುವುದು, ಗುಂಡು ಹಾರುವುದು. ಇದೆಲ್ಲವೂ ಅರೆ ಸೆಕೆಂಡಿನಲ್ಲಿ. ಒಂದು ನಿಮಿಷಕ್ಕೆ ೧೨೦ ಗುಂಡುಗಳು ಇದರ ವೇಗ. ಒಂದೊಂದು ಗುಂಡಿನ ತೂಕ ಸುಮಾರು ೯೦೦ ಗ್ರಾಮು. ನಾಲ್ಕು ನಾಲ್ಕು ತೋಟಾಗಳ ಕಟ್ಟುಗಳನ್ನು ಮೇಲಿನಿಂದ ಇಳಿಬಿಡುತ್ತಿರುವುದಷ್ಟೇ ತುಂಬುವವರ ಕೆಲಸ. ಇಬ್ಬರು ಪೀಠಗಳಲ್ಲಿ ಕುಳಿತು, ಒಬ್ಬನು ನಳಿಗೆಯನ್ನು ಎಡಬಲಕ್ಕೂ ಇನ್ನೊಬ್ಬನು ಮೇಲೆಕೆಳಗೂ ತಿರುಗಿಸುವರು.

ಇನ್ನೊಂದು ಜಾಣತನವನ್ನೂ ಹೇಳಬೇಕು. ವಿಮಾನಕ್ಕೆ ತಗಲದ ಗುಂಡು ಎಲ್ಲಿಗೆ ಹೋಗುವುದು? ಅದು ತನ್ನ ಊರಿನ ಮೇಲೆಯೇ ಬಿದ್ದು ಸಿಡಿದರೆ ರಕ್ಷಿಸಬೇಕಾದವರನ್ನೇ ಕೊಂದಂತಾಗುವುದು. ಆದುದರಿಂದ ಕೆಲವು ಸೆಕೆಂಡುಗಳವರೆಗೆ ಏನನ್ನೂ ತಾಗದೆ ಹೋದ ಗುಂಡು ಆಕಾಶದಲ್ಲಿಯೇ ತಾನಾಗಿ ಸಿಡಿದುಹೋಗುವ ಏರ್ಪಾಡನ್ನು ಅದರೊಳಗೆ ಇಟ್ಟರು. ಇಷ್ಟಾದರೂ ಚೂರುಗಳು ಕೆಳಗೆ ಬೀಳುವುದು ತಪ್ಪುವುದಿಲ್ಲ.

ಅಮೆರಿಕೆಯವರು ೧೯೪೧ರಲ್ಲಿ ಇದರ ಪರವಾನಗಿಯನ್ನು ಪಡೆದರು. ಸ್ವೀಡನ್ನಿನ ನಕ್ಷೆಗಳು ಮಿಲಿಮೀಟರುಗಳಲ್ಲಿದ್ದವು. ಅಮೆರಿಕೆಯ ಕಾರ್ಖಾನೆಗಳ ಅಳತೆ ಅಂಗುಲಗಳಲ್ಲಿ. ಎಲ್ಲ ನಕ್ಷೆಗಳನ್ನೂ ಹೊಸದಾಗಿ ಬರೆದ ಬಳಿಕ, ಮೋಟಾರು ಗಾಡಿಗಳನ್ನು ಮಾಡುತ್ತಿದ್ದ ಕ್ರೈಸ್ಲರ್ ಕಂಪನಿಯು ಯುದ್ಧ ಮುಗಿಯುವುದರೊಳಗೆ ಸುಮಾರು ೬೦,೦೦೦ ತೋಪುಗಳನ್ನು ತಯಾರಿಸಿತು. ಅಳತೆಯ ಮಾನಗಳನ್ನು ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುವ ಲೆಕ್ಕವನ್ನು ಬೇಸರದ ಪಾಠವೆಂದು ಭಾವಿಸುವ ಬಾಲಿಕೆಯರು ಈ ಸಂಗತಿಯನ್ನು ನೆನಪಿಡಲಿ.

ಈಗ ಮುಖ್ಯ ಮಾತಿಗೆ ಬರೋಣ. ವೇಗದ ತೋಪು ದೊರೆತರೂ ಮೂರು ಸೆಕೆಂಡಿನ ಲೆಕ್ಕವು ಉಳಿದೇ ಇತ್ತು. ಕಣ್ಣಂದಾಜಿನಿಂದ ಅದು ಸಾಧ್ಯವಾಗದೆಂದು ಬೇಗನೆ ತಿಳಿಯಿತು. ಅದಕ್ಕಾಗಿ ‘ಪ್ರೆಡಿಕ್ಟರ್’ ಎಂಬ, ಮುಂಬರುವ ಸ್ಥಾನವನ್ನು ಎಣಿಸುವ ಯಂತ್ರಗಳು ಹುಟ್ಟಿದವು. ಹಲ್ಲುಚಕ್ರಗಳು, ಉರುಳೆಗಳು, ದುರ್ಬೀನುಗಳು ಕೂಡಿದ ಒಂದು ಪೆಟ್ಟಿಗೆ ಅದು. ಕೆಲವರು ದುರ್ಬೀನಿನಲ್ಲಿ ವಿಮಾನವನ್ನು ಬಿಡದೆ ಹಿಂಬಾಲಿಸುವರು; ಕೆಲವರು ದೂರವನ್ನೋ ಎತ್ತರವನ್ನೋ ಮುಳ್ಳು ತಿರುಗಿಸಿ ಕೊಡುವರು; ಪೆಟ್ಟಿಗೆಯು ತೋಪು ಎತ್ತ ನೋಡಬೇಕೆಂಬುದನ್ನು ಹೇಳುವುದು. ಬ್ರಿಟನ್ನಿನ ಕೆರಿಸನ್ ಎಂಬ ಸೈನ್ಯಾಧಿಕಾರಿಯು ಬೋಫೋರ್ಸ್ ತೋಪಿಗಾಗಿ ರಚಿಸಿದ ಪ್ರೆಡಿಕ್ಟರು ತೋಪಿನ ಮೋಟಾರುಗಳಿಗೆ ತಾನೇ ಅಪ್ಪಣೆ ಕೊಟ್ಟು ನಳಿಗೆಯನ್ನು ತಿರುಗಿಸುತ್ತಿತ್ತು.

ಈ ಪೆಟ್ಟಿಗೆಯ ಮುಂದೆ ನಿಲ್ಲಬೇಕಾದವರು ಯಾರು? ಗಂಡಸರು ಸಾಲದಾದರು. ೧೯೩೮ರಲ್ಲಿ, ಯುದ್ಧಕ್ಕೆ ಮೊದಲೇ, ಬ್ರಿಟನ್ನಿನ ಜನರಲ್ ಫ್ರೆಡರಿಕ್ ಪೈಲ್ ಅವರು ಕ್ಯಾರೊಲಿನ್ ಹ್ಯಾಸ್ಲೆಟ್ ಎಂಬ ವಿದ್ಯುತ್ ಇಂಜಿನಿಯರ್ ಮಹಿಳೆಯನ್ನು ಕರೆಸಿ, ತೋಪಿನ ದಳದ ಕೆಲಸಗಳಲ್ಲಿ ಸ್ತ್ರೀಯರಿಗೆ ಸಾಧ್ಯವಾದವು ಯಾವುವೆಂದು ಕೇಳಿದರು. ಆಕೆ ಎಲ್ಲವನ್ನೂ ಪರೀಕ್ಷಿಸಿ, ಭಾರವಾದ ಗುಂಡುಗಳನ್ನೆತ್ತುವುದೊಂದನ್ನು ಬಿಟ್ಟರೆ ಮಿಕ್ಕುದೆಲ್ಲವನ್ನೂ ಅವರು ಮಾಡಬಲ್ಲರೆಂದು ಅಭಿಪ್ರಾಯಪಟ್ಟರು. ೧೯೪೧ರಿಂದ ‘ಆಕ್ಸಿಲಿಯರಿ ಟೆರಿಟೋರಿಯಲ್ ಸರ್ವಿಸ್’ ಎಂಬ ಸ್ತ್ರೀಪಡೆಯ ಹುಡುಗಿಯರು ಗಂಡಸರೊಡನೆ ಮಿಶ್ರದಳಗಳಲ್ಲಿ ಸೇರಿದರು. ಪ್ರಧಾನಮಂತ್ರಿ ಚರ್ಚಿಲರ ಮಗಳು ಮೇರಿಯೂ ಅವರಲ್ಲೊಬ್ಬಳಾಗಿದ್ದಳು. ಈ ದಳಗಳಲ್ಲಿ ಹೆಚ್ಚಿನವು ಬೋಫೋರ್ಸಿಗಿಂತ ದೊಡ್ಡವಾದ ೩.೭ ಅಂಗುಲದ ತೋಪುಗಳ ದಳಗಳು. ಆದರೆ ಲೆಕ್ಕದ ತತ್ತ್ವ ಒಂದೇ. ಪ್ರೆಡಿಕ್ಟರ್, ದೂರಮಾಪಕ, ರಾಡಾರ್ ಇವೆಲ್ಲವೂ ಅವರ ಕೈಗೆ ಬಂದವು. ೧೯೪೨ರ ಏಪ್ರಿಲಿನಲ್ಲಿ ಹದಿನೆಂಟು ವರುಷದ ನೋರಾ ಕ್ಯಾವ್‌ನೀ ಎಂಬವಳು ಸೌತಾಂಪ್ಟನ್ನಿನ ಬಳಿ ಪ್ರೆಡಿಕ್ಟರಿನ ಮುಂದೆ ನಿಂತು ವಿಮಾನವನ್ನು ಹಿಂಬಾಲಿಸುತ್ತಿರುವಾಗಲೇ ಬಾಂಬಿನ ಚೂರು ತಗಲಿ ಮಡಿದಳು. ಕೂಡಲೇ ಅವಳ ಜತೆಯವಳೊಬ್ಬಳು ಆ ಸ್ಥಾನದಲ್ಲಿ ನಿಂತಳು, ಲೆಕ್ಕ ನಿಲ್ಲಲಿಲ್ಲ.

ಇಲ್ಲಿ ವಾಚಕರು ಒಂದು ವಿಷಯವನ್ನು ಗಮನಿಸಬೇಕು. ಗುರಿಯನ್ನು ಹುಡುಕುವುದು, ಅಳೆಯುವುದು, ಎಣಿಸುವುದು ಇವೆಲ್ಲ ಹುಡುಗಿಯರ ಕೆಲಸ. ಆದರೆ ತೋಪನ್ನು ಹಾರಿಸುವುದಕ್ಕೆ ಮಾತ್ರ ನಿಯಮವು ಅವರಿಗೆ ಅವಕಾಶ ಕೊಡಲಿಲ್ಲ. ಪ್ರಾಣವನ್ನು ತೆಗೆಯುವ ಕೆಲಸ ಸ್ತ್ರೀಯರಿಗೆ ಸಲ್ಲದೆಂಬುದು ಆ ನಿಯಮದ ಭಾವನೆ. ಎಣಿಸಿದವರ ಕೈಗೂ ಹಾರಿಸಿದವರ ಕೈಗೂ ಎಷ್ಟು ಅಂತರವಿದೆಯೆಂಬುದನ್ನು ವಾಚಕರೇ ಯೋಚಿಸಲಿ. ಅಪಾಯದಲ್ಲಿ ಭೇದವಿರಲಿಲ್ಲ, ಸಂಬಳದಲ್ಲಿ ಇತ್ತು. ಗಂಡಸರ ಸಂಬಳದ ಮೂರರಲ್ಲಿ ಎರಡು ಪಾಲು ಅವರಿಗೆ ದೊರೆಯುತ್ತಿತ್ತು.

ರಷ್ಯಾದಲ್ಲಿ ಅಂತಹ ಭೇದವನ್ನೂ ಮಾಡಲಿಲ್ಲ. ೧೯೪೨ರ ಆಗಸ್ಟ್ ೨೩ರಂದು ಜರ್ಮನ್ ಟ್ಯಾಂಕುಗಳು ಸ್ಟಾಲಿನ್‌ಗ್ರಾಡ್ ನಗರದ ಉತ್ತರಕ್ಕೆ ಬಂದಾಗ ಅವುಗಳನ್ನು ಎದುರಿಸಿದುದು ೧೦೭೭ನೆಯ ವಿಮಾನವಿರೋಧಿ ರೆಜಿಮೆಂಟು. ಅದರಲ್ಲಿ ಬಹುಮಂದಿ ಆಗ ತಾನೇ ಶಾಲೆ ಮುಗಿಸಿದ ಹುಡುಗಿಯರು. ಆಕಾಶಕ್ಕೆ ನೋಡುವ ತೋಪುಗಳ ನಳಿಗೆಗಳನ್ನು ನೆಲಕ್ಕೆ ಸಮವಾಗಿ ಇಳಿಸಿ ಅವರು ಕಾದಾಡಿದರು. ಕೊನೆಗೆ ತೋಪುಗಳೆಲ್ಲ ನಾಶವಾದವು. ಬಳಿಕ ಸ್ಥಳವನ್ನು ಹಿಡಿದ ಜರ್ಮನರು, ತಮ್ಮನ್ನು ಅಷ್ಟು ಹೊತ್ತು ತಡೆದವರು ಹೆಂಗಸರೆಂಬುದನ್ನು ಕಂಡು ಬೆರಗಾದರು. ಇದನ್ನು ಶೌರ್ಯದ ಕಥೆಯೆಂದಷ್ಟೇ ಹೇಳಿ ಮುಗಿಸಲು ನಮ್ಮ ಮನಸ್ಸು ಒಪ್ಪುವುದಿಲ್ಲ. ನಮ್ಮ ಹತ್ತನೆಯ ತರಗತಿಯ ಹಾಜರಿ ಪುಸ್ತಕದಲ್ಲಿರುವ ಹೆಸರುಗಳ ವಯಸ್ಸಿಗೂ ಅವರ ವಯಸ್ಸಿಗೂ ಎರಡು ಮೂರು ವರುಷಗಳ ಅಂತರ ಮಾತ್ರ. ಯುದ್ಧವು ಯಾರನ್ನು ಕೇಳಿ ಬರುವುದು?

ಯುದ್ಧದ ಲೆಕ್ಕಗಳಿಂದ ಶಾಂತಿಕಾಲಕ್ಕೆ ಉಪಕಾರವಾದ ಕೆಲವು ಫಲಗಳೂ ಹುಟ್ಟಿದವು. ವಿಮಾನದ ಮುಂದಿನ ಸ್ಥಾನವನ್ನು ಎಣಿಸುವ ಪ್ರಶ್ನೆಯನ್ನು ವಿಚಾರಿಸಿದ ನಾರ್ಬರ್ಟ್ ವೀನರ್ ಎಂಬ ಗಣಿತಜ್ಞನು, ಯಂತ್ರಗಳು ತಮ್ಮ ತಪ್ಪನ್ನು ತಾವೇ ತಿದ್ದಿಕೊಳ್ಳುವ ಬಗೆಯನ್ನು ಕುರಿತು ೧೯೪೮ರಲ್ಲಿ ಹೊಸ ಶಾಸ್ತ್ರವನ್ನೇ ಪ್ರಕಟಿಸಿದನು. ತೋಪಿನ ಗುಂಡುಗಳ ದಾರಿಯನ್ನು ಎಣಿಸುವುದಕ್ಕೆಂದು ಅಮೆರಿಕೆಯಲ್ಲಿ ಕಟ್ಟಿದ ‘ಎನಿಯಾಕ್’ ಎಂಬ ಗಣಕಯಂತ್ರವು ಇಂದಿನ ಕಂಪ್ಯೂಟರುಗಳ ಪೂರ್ವಜರಲ್ಲೊಂದು. ಅದಕ್ಕೆ ಮೊದಲು ಲೆಕ್ಕದ ಕ್ರಮವನ್ನು ಹಾಕಿಕೊಟ್ಟವರು ಆರು ಮಂದಿ ಮಹಿಳೆಯರು.

ನಮ್ಮ ದೇಶದ ಕಡೆಗೆ ಬರೋಣ. ಬೋಫೋರ್ಸ್ ಎಂದೊಡನೆ ನಮ್ಮ ಜನರಿಗೆ ೧೯೮೬ರ ಒಪ್ಪಂದವೂ ಅದರ ಹಿಂದೆ ಎದ್ದ ಗದ್ದಲವೂ ನೆನಪಿಗೆ ಬರುವುದು. ಅದು ಅದೇ ಕಂಪನಿಯ ೧೫೫ ಮಿಲಿಮೀಟರಿನ ದೊಡ್ಡ ತೋಪು. ೧೯೯೯ರಲ್ಲಿ ಕಾರ್ಗಿಲಿನ ಬೆಟ್ಟಗಳಲ್ಲಿ ಬಳಕೆಯಾದುದು ಅದೇ. ನಾವು ಹೇಳುತ್ತಿರುವ ೪೦ ಮಿಲಿಮೀಟರಿನ ತೋಪು ಅದಕ್ಕಿಂತ ಬಹಳ ಮುಂಚೆಯೇ ಭಾರತದಲ್ಲಿತ್ತು. ೧೯೬೧ರಲ್ಲಿ ನಮ್ಮ ನೌಕಾಪಡೆಗೆ ಸೇರಿದ ಮೊದಲನೆಯ ‘ವಿಕ್ರಾಂತ’ ವಿಮಾನವಾಹಕ ನೌಕೆಯ ಮೇಲೂ ಈ ತೋಪುಗಳಿದ್ದವು. ಯುದ್ಧಾನಂತರ ಬೋಫೋರ್ಸಿನವರು ಇನ್ನೂ ಉದ್ದವಾದ ನಳಿಗೆಯ ‘ಎಲ್-೭೦’ ಎಂಬ ಹೊಸ ಬಗೆಯನ್ನು ಮಾಡಿದರು. ಅದರ ವೇಗ ಮೊದಲಿಗೆ ನಿಮಿಷಕ್ಕೆ ೨೪೦ ಗುಂಡುಗಳು, ಮುಂದೆ ೩೦೦. ಭಾರತವು ೧೯೬೦ರ ದಶಕದಲ್ಲಿ ಇದನ್ನು ಕೊಂಡುಕೊಂಡಿತು. ಈ ಕೆಲಸವನ್ನು ನೋಡಿಕೊಳ್ಳುವ ಸೈನ್ಯದ ಶಾಖೆಯು ೧೯೯೪ರಲ್ಲಿ ತೋಪಖಾನೆಯಿಂದ ಬೇರೆಯಾಗಿ ಸ್ವತಂತ್ರ ವಿಭಾಗವಾಯಿತು.

ಈ ತೋಪಿನ ಲೆಕ್ಕಕ್ಕೂ ಕನ್ನಡನಾಡಿಗೂ ಸಂಬಂಧವುಂಟು. ೧೯೫೪ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಇಲೆಕ್ಟ್ರಾನಿಕ್ಸ್ ಸಂಸ್ಥೆಯು ಹಾಲೆಂಡಿನ ಕಂಪನಿಯ ಪರವಾನಗಿಯಿಂದ ‘ಫ್ಲೈಕ್ಯಾಚರ್’ ಎಂಬ ರಾಡಾರನ್ನು ತಯಾರಿಸಿತು. ಹಿಂದೆ ದುರ್ಬೀನಿನ ಮುಂದೆ ಹುಡುಗಿಯರು ಮಾಡುತ್ತಿದ್ದುದನ್ನು ಇದು ರೇಡಿಯೋ ಅಲೆಗಳಿಂದ ಮಾಡುವುದು. ಮುಂದೆ ಅದೇ ಸಂಸ್ಥೆಯು ಹಳೆಯ ಎಲ್-೭೦ ತೋಪುಗಳಿಗೆ ವಿದ್ಯುತ್ ಚಾಲನೆ, ಹಗಲಿರುಳು ನೋಡುವ ಕ್ಯಾಮೆರಾ, ಲೇಸರ್ ದೂರಮಾಪಕಗಳನ್ನು ಜೋಡಿಸಿ ಅವುಗಳಿಗೆ ಹೊಸ ಕಣ್ಣು ಕೊಟ್ಟಿತು. ಕ್ಷಿಪಣಿಗಳ ಯುಗದಲ್ಲಿ ಇಂತಹ ತೋಪುಗಳ ಕಾಲ ಮುಗಿಯಿತೆಂದು ಅನೇಕರು ಭಾವಿಸಿದ್ದರು. ೨೦೨೫ರ ಮೇ ತಿಂಗಳಲ್ಲಿ ಪಶ್ಚಿಮದ ಗಡಿಯಲ್ಲಿ ಡ್ರೋನುಗಳು ಗುಂಪುಗುಂಪಾಗಿ ಬಂದಾಗ ಅವುಗಳನ್ನು ಕೆಡವಿದ ಸಾಧನಗಳಲ್ಲಿ ಈ ಎಲ್-೭೦ ಒಂದಾಗಿತ್ತು. ಅಗ್ಗದ ಡ್ರೋನಿಗೆ ಬಹು ಬೆಲೆಯ ಕ್ಷಿಪಣಿಯನ್ನು ವೆಚ್ಚ ಮಾಡುವುದಕ್ಕಿಂತ ೪೦ ಮಿಲಿಮೀಟರಿನ ಕೆಲವು ಗುಂಡುಗಳು ಸಾಕೆಂಬುದೇ ಅದರ ಕಾರಣ.

ಇಷ್ಟು ತಿಳಿದ ಮೇಲೆ ‘ಚಪಲ’ ನೌಕೆಯ ತೋಪನ್ನು ಅರಿಯುವುದು ಸುಲಭ. ಈ ನೌಕೆಯು ರಷ್ಯಾದಲ್ಲಿ ನಿರ್ಮಾಣವಾಗಿ ೧೯೭೬ರಲ್ಲಿ ನಮ್ಮ ನೌಕಾಪಡೆಗೆ ಸೇರಿತು. ೨೦೦೫ರಲ್ಲಿ ನಿವೃತ್ತವಾಗಿ ಮರುವರುಷ ಕಾರವಾರದಲ್ಲಿ ಸಂಗ್ರಹಾಲಯವಾಯಿತು. ೧೯೭೧ರ ಡಿಸೆಂಬರಿನಲ್ಲಿ ಕರಾಚಿಯ ಮೇಲೆ ಎರಗಿದವು ಇದೇ ಜಾತಿಯ, ಇದಕ್ಕಿಂತ ಮುಂಚೆ ಬಂದ ನೌಕೆಗಳು. ಇದರ ತೋಪುಗಳ ಹೆಸರು ‘ಎಕೆ-೨೩೦’. ನಳಿಗೆಯ ವ್ಯಾಸ ೩೦ ಮಿಲಿಮೀಟರು. ಒಂದೊಂದು ನಳಿಗೆಯು ನಿಮಿಷಕ್ಕೆ ಸುಮಾರು ೧,೦೦೦ ಗುಂಡುಗಳ ವೇಗದಲ್ಲಿ ಹಾರಿಸಬಲ್ಲದು. ಅಷ್ಟು ವೇಗದಲ್ಲಿ ನಳಿಗೆ ಕಾದು ಕೆಡದಂತೆ ನೀರಿನಿಂದ ತಂಪುಮಾಡುವರು. ಸಿಪಾಯಿಯ ಪೀಠವೇಕಿಲ್ಲವೆಂಬ ಮಕ್ಕಳ ಪ್ರಶ್ನೆಗೆ ಉತ್ತರವೂ ಇಲ್ಲಿದೆ: ರಾಡಾರು ನೋಡುವುದು, ಯಂತ್ರವು ಎಣಿಸುವುದು, ತೋಪು ತಾನಾಗಿ ತಿರುಗುವುದು, ಮನುಷ್ಯನು ನೌಕೆಯ ಒಳಗಿದ್ದು ಅಪ್ಪಣೆ ಕೊಡುವನು. ಮೂರು ಸೆಕೆಂಡಿನ ಲೆಕ್ಕವು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಸಾಗಿ ಬಂದಿದೆ, ಅಷ್ಟೆ.

ಇಂತಹ ತೋಪಿನಿಂದ ಆಗದ ಕೆಲಸವನ್ನೂ ಹೇಳದೆ ಬಿಡಬಾರದು. ಇದು ಒಂದು ಸೇತುವೆಯನ್ನೋ ಒಂದು ಬಂದರನ್ನೋ ಕಾಯಬಲ್ಲದು. ಕೆಲವು ಕಿಲೋಮೀಟರುಗಳಾಚೆ ಇದರ ಕೈ ಸಾಗದು. ಬಹಳ ಎತ್ತರದ ವಿಮಾನಕ್ಕೆ ಇದು ನಿಲುಕದು. ರಕ್ಷಣೆಗೆ ಕೊಡಬೇಕಾದ ಬೆಲೆಯು ಯುದ್ಧಕಾಲಕ್ಕೆ ಮಾತ್ರ ಸೀಮಿತವೂ ಅಲ್ಲ. ಮುರ್ಡೇಶ್ವರದಿಂದ ಸುಮಾರು ೧೯ ಕಿಲೋಮೀಟರು ದೂರದಲ್ಲಿ, ಭಟ್ಕಳ ತಾಲೂಕಿಗೆ ಸೇರಿದ ನೇತ್ರಾಣಿ ದ್ವೀಪವನ್ನು ನೌಕಾಪಡೆಯು ಗುರಿಯಭ್ಯಾಸಕ್ಕೆ ಬಳಸಿದುದುಂಟು. ಸಿಡಿಯದೆ ಉಳಿದ ಗುಂಡುಗಳು ಅಲ್ಲಿ ಕಂಡುಬಂದವು. ಕಡಲ ಹದ್ದುಗಳೂ ಇತರ ಹಕ್ಕಿಗಳೂ ಗೂಡುಕಟ್ಟುವ ಆ ದ್ವೀಪವನ್ನು ಬಿಟ್ಟುಬಿಡಬೇಕೆಂದು ಪ್ರಕೃತಿಶಾಸ್ತ್ರಜ್ಞರು ಕೇಳಿಕೊಂಡರು. ನೌಕಾನೆಲೆಗಾಗಿ ಕಾರವಾರ, ಅಂಕೋಲೆಗಳ ಸಾವಿರಾರು ಕುಟುಂಬಗಳು ಮನೆ, ತೋಟ, ದೋಣಿ ಎಳೆಯುವ ದಂಡೆಗಳನ್ನು ಬಿಟ್ಟುಕೊಟ್ಟವು. ಪರಿಹಾರಕ್ಕಾಗಿ ಅವರು ವರುಷಗಟ್ಟಲೆ ಕಾದರು. ತೋಪನ್ನು ನೋಡಿ ಬೆರಗಾಗುವ ಮಕ್ಕಳಿಗೆ ಈ ಲೆಕ್ಕವನ್ನೂ ತಿಳಿಸುವುದು ನಮ್ಮ ಧರ್ಮ.

ಇನ್ನು ಪಾಲಕರಿಗೆ ನಮ್ಮ ಮಾತು. ೨೦೨೦ರ ಫೆಬ್ರುವರಿ ೧೭ರಂದು ಸುಪ್ರೀಂ ಕೋರ್ಟು ಸೈನ್ಯದಲ್ಲಿಯ ಮಹಿಳಾ ಅಧಿಕಾರಿಗಳಿಗೆ ಕಾಯಂ ಸೇವೆಯ ಹಕ್ಕು ಉಂಟೆಂದು ತೀರ್ಪಿತ್ತಿತು. ಆ ಹಕ್ಕು ದೊರೆತ ವಿಭಾಗಗಳಲ್ಲಿ ವಾಯುರಕ್ಷಣೆಯ ವಿಭಾಗವೂ ಒಂದು. ೨೦೨೩ರಲ್ಲಿ ಮೊದಲ ಐವರು ಮಹಿಳಾ ಅಧಿಕಾರಿಗಳು ತೋಪಖಾನೆಯನ್ನು ಸೇರಿದರು. ೨೦೨೫ರ ಮೇ ತಿಂಗಳಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಿಂದ ಹದಿನೇಳು ಹುಡುಗಿಯರ ಮೊದಲ ತಂಡವು ಹೊರಬಂದಿತು. ೧೯೪೧ರಲ್ಲಿ ಎಣಿಸುವುದಕ್ಕೆ ಕರೆದು ಹಾರಿಸುವುದಕ್ಕೆ ಬೇಡವೆಂದಿದ್ದ ಬಾಗಿಲು ಈಗ ತೆರೆದಿದೆ. ಆದರೆ ಆ ಅಕಾಡೆಮಿಯ ನೌಕಾ ಮತ್ತು ವಾಯು ಶಾಖೆಗಳಿಗೆ ಹೋಗಬೇಕಾದರೆ ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರಗಳೊಡನೆ ಗಣಿತವನ್ನು ಓದಿರಲೇಬೇಕು. ನಮ್ಮ ಬಾಲಿಕೆಯರಲ್ಲಿ ಲೆಕ್ಕದಲ್ಲಿ ಚುರುಕಾದವರೂ ಹತ್ತನೆಯ ತರಗತಿಯ ನಂತರ ಗಣಿತವನ್ನು ಬಿಡುವುದನ್ನು ನಾವು ಕಾಣುತ್ತಿದ್ದೇವೆ. ಕೆಲವರು ತಾವೇ ಹೆದರಿ ಬಿಡುವರು. ಹಲವರ ಮನೆಯಲ್ಲಿ ‘ಹುಡುಗಿಗೆ ಅಷ್ಟು ಲೆಕ್ಕವೇಕೆ?’ ಎಂಬ ಮಾತು ಬರುವುದು.

ನಮ್ಮ ಹುಡುಗಿಯರೆಲ್ಲರೂ ಸೈನ್ಯ ಸೇರಲೆಂದು ನಾವು ಹೇಳುತ್ತಿಲ್ಲ. ಅವರಲ್ಲಿ ಒಬ್ಬಳೂ ತೋಪಿನ ಬಳಿ ನಿಲ್ಲಬೇಕಾದ ದಿನ ಬಾರದಿರಲೆಂಬುದೇ ನಮ್ಮ ಪ್ರಾರ್ಥನೆ. ಆದರೆ ಚಂಡಮಾರುತದ ದಾರಿಯನ್ನು ಎಣಿಸಿ ಮೀನುಗಾರರನ್ನು ಎಚ್ಚರಿಸುವುದು, ಹಡಗನ್ನು ಬಂದರಿಗೆ ತರುವುದು, ಉಪಗ್ರಹವನ್ನು ಕಕ್ಷೆಗೆ ಸೇರಿಸುವುದು ಇವೆಲ್ಲವೂ ಚಲಿಸುವ ವಸ್ತು ಮುಂದೆ ಎಲ್ಲಿರುವುದೆಂದು ಎಣಿಸುವ ಅದೇ ವಿದ್ಯೆ. ಆ ವಿದ್ಯೆಗೆ ಹೆಣ್ಣು ಗಂಡೆಂಬ ಭೇದವಿಲ್ಲವೆಂಬುದನ್ನು ಲಂಡನ್ನಿನ ಕತ್ತಲೆಯ ರಾತ್ರಿಗಳಲ್ಲಿ ಸಾಮಾನ್ಯ ಮನೆತನಗಳ ಹುಡುಗಿಯರು ತೋರಿಸಿಕೊಟ್ಟಿರುವರು. ಬರುವ ವರುಷ ನಿಮ್ಮ ಮಗಳು ವಿಷಯಗಳನ್ನು ಆರಿಸಿಕೊಳ್ಳುವ ಕಾಗದವನ್ನು ನಿಮ್ಮ ಸಹಿಗಾಗಿ ತಂದಾಗ, ಗಣಿತದ ಹೆಸರನ್ನು ಹೊಡೆದುಹಾಕುವುದಕ್ಕೆ ಮುಂಚೆ ಒಂದು ಸಲ ಶಾಲೆಗೆ ಬಂದು ನಮ್ಮೊಡನೆ ಮಾತನಾಡಬೇಕೆಂದು ಪಾಲಕರಲ್ಲಿ ನಮ್ಮ ವಿನಂತಿ. ಲೆಕ್ಕವನ್ನು ಕಲಿತು ಮುಂದೆ ಹೋದ ಪೂರ್ವವಿದ್ಯಾರ್ಥಿನಿಯರು ತಮ್ಮ ಊರಿನ ಕಿರಿಯರಿಗೆ ವಾರಕ್ಕೊಂದು ಗಂಟೆ ಪಾಠ ಹೇಳಿದರೆ ಅದು ಶಾಲೆಗೆ ಅವರು ಸಲ್ಲಿಸುವ ದೊಡ್ಡ ಉಪಕಾರವಾಗುವುದು.